ಸಂಪಾದಕರ ಉತ್ತರ: ಬಾಣಂತನದ ಮನೆಗೆ ಹರಿಕೇನ್ ಬಂದರೆ

ಧಾರವಾಡದ ತಾಯಿಯೊಬ್ಬರು ಬರೆದಿದ್ದಾರೆ: "ಮಗಳ ಬಾಣಂತನಕ್ಕೆ ಆಗಸ್ಟ್‌ನಲ್ಲಿ ಹ್ಯೂಸ್ಟನ್‌ಗೆ ಹೊರಟೀನಿ. ಅದು ಹರಿಕೇನ್ ಬರೋ ಕಾಲ ಅಂತ. ಅಳಿಯಂದಿರು 'ಕೆಟಗರಿ ಒಂದಕ್ಕೆಲ್ಲ ಇಲ್ಲಿ ಯಾರೂ ಹೆದರೂದಿಲ್ಲ' ಅಂತಾರ. ಕೂಸು ಇರೋ ಮನಿ. ನಾ ಏನು ತಯಾರಿ ಮಾಡಿಕೊಳ್ಳಲಿ?"

ತಾಯಿ, ನಮಸ್ಕಾರ. ಅಳಿಯಂದಿರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹರಿಕೇನ್‌ಗೆ, ಅಂದರೆ ಅಲ್ಲಿನ ಚಂಡಮಾರುತಕ್ಕೆ, ಕೊಡುವ ಕೆಟಗರಿ ಎಂಬುದು ಬರೀ ಗಾಳಿಯ ಲೆಕ್ಕ. ವೇಗ ಗಂಟೆಗೆ 119 ಕಿ.ಮೀ. ಮುಟ್ಟಿದರೆ ಒಂದು, 252 ಮುಟ್ಟಿದರೆ ಐದು. ಮಳೆ ಎಷ್ಟು ಸುರಿದೀತು, ಸಮುದ್ರ ಎಷ್ಟು ಉಕ್ಕೀತು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. 2017ರ ಆಗಸ್ಟ್‌ನಲ್ಲಿ ಹಾರ್ವೆ ಎಂಬ ಹರಿಕೇನ್ ದಡ ಮುಟ್ಟಿದ್ದು ಕೆಟಗರಿ ನಾಲ್ಕರಲ್ಲಿ. ಹ್ಯೂಸ್ಟನ್ ಮುಳುಗುವ ಹೊತ್ತಿಗೆ ಅದು ಹರಿಕೇನ್ ಆಗಿಯೇ ಉಳಿದಿರಲಿಲ್ಲ. ಗಾಳಿ ಸೋತಿತ್ತು, ಮಳೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಕೆಲವೆಡೆ ಒಂದು ಮೀಟರಿಗೂ ಮಿಕ್ಕಿ ಬಿತ್ತು. ನಿಮ್ಮ ಧಾರವಾಡ ಇಡೀ ವರ್ಷ ಕಾಣುವ ಮಳೆಗಿಂತ ಹೆಚ್ಚು.

ಇನ್ನು 2024ರ ಜುಲೈ 8ರ ಬೆರಿಲ್ ಹರಿಕೇನ್. ಅದು ಅಳಿಯಂದಿರು ಹೇಳುವ ಅದೇ ಕೆಟಗರಿ ಒಂದು. 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ಕರೆಂಟ್ ಹೋಯಿತು, ಎಷ್ಟೋ ಮನೆಗಳಿಗೆ ದಿನಗಟ್ಟಲೆ ಬರಲಿಲ್ಲ. ಎ.ಸಿ.ಯನ್ನೇ ನಂಬಿ ಕಟ್ಟಿದ ಮನೆಗಳವು, ನಮ್ಮ ಹೆಂಚಿನ ಮನೆಯ ಹಾಗೆ ಉಸಿರಾಡುವುದಿಲ್ಲ. ಬಾಣಂತಿಗೂ ಕೂಸಿಗೂ ಕಷ್ಟವಾಗುವುದು ಗಾಳಿ ಬೀಸಿ ಹೋದ ಮೇಲಿನ ಆ ಸೆಕೆಯ ದಿನಗಳಲ್ಲಿ.

ಹಾಗಾಗಿ ಹೋದ ಕೂಡಲೇ ಕೇಳಬೇಕಾದ್ದು, ಮನೆ ಯಾವ ತೆರವಿನ ವಲಯದಲ್ಲಿದೆ ಎಂದು. ಅಲ್ಲಿ ಪಿನ್‌ಕೋಡ್ ಪ್ರಕಾರ ವಲಯಗಳಿವೆ. ಹೊರಡಿ ಎಂದು ಆ ವಲಯಕ್ಕೆ ಹೇಳಿದರೆ ಹೊರಡಬೇಕು, ವಾದ ಬೇಡ. ಹೇಳದಿದ್ದರೆ ಗಾಬರಿಯಿಂದ ರಸ್ತೆಗಿಳಿಯುವುದೂ ಬೇಡ. 2005ರಲ್ಲಿ ರೀಟಾ ಹರಿಕೇನ್‌ಗೆ ಹೆದರಿ ಊರಿಗೆ ಊರೇ ಹೊರಟು, ಬಿಸಿಲಲ್ಲಿ ನಿಂತ ವಾಹನಗಳ ಸಾಲಿನಲ್ಲೇ ಹಲವರು ಪ್ರಾಣ ಬಿಟ್ಟರು. ಆದರೆ ಕರೆಂಟ್ ಬಹಳ ದಿನ ಬಾರದಿದ್ದರೆ ಕೂಸನ್ನು ಒಳನಾಡಿನ ಆಸ್ಟಿನ್ ಕಡೆಯೋ ಸ್ಯಾನ್ ಆಂಟೋನಿಯೋ ಕಡೆಯೋ ಯಾರ ಮನೆಗೆ ಒಯ್ಯುವುದು ಎಂಬುದನ್ನು ಈಗಲೇ ಮಾತಾಡಿಟ್ಟುಕೊಳ್ಳಿ.

ಒಂದು ಕೆಲಸ ಮಾತ್ರ ನೀವು ವಿಮಾನ ಹತ್ತುವ ಮೊದಲೇ ಆಗಬೇಕು. ಮನೆಯ ಮಾಮೂಲಿ ವಿಮೆ ನೆರೆ ನೀರಿನ ನಷ್ಟ ಕೊಡುವುದಿಲ್ಲ. ನೆರೆಯ ವಿಮೆ ಬೇರೆ, ಸಾಮಾನ್ಯವಾಗಿ ಮಾಡಿಸಿದ 30 ದಿನಗಳ ನಂತರವೇ ಜಾರಿ. ಬಿರುಗಾಳಿ ಟಿ.ವಿ.ಯಲ್ಲಿ ಕಂಡ ಮೇಲೆ ಓಡಿದರೆ ಉಪಯೋಗವಿಲ್ಲ. ಕಿಟಕಿಗೆ ಟೇಪ್ ಅಂಟಿಸುವುದೂ ಅಷ್ಟೇ, ಗಾಜು ಒಡೆಯುವುದನ್ನು ಅದು ತಡೆಯದು. ಪ್ಲೈವುಡ್ ಬಡಿಯಬೇಕು.

ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಲೆಕ್ಕ ಹಿಡಿಯಿರಿ, ಹಾಲೂಡಿಸುವ ಮಗಳಿಗೆ ಇನ್ನೂ ಹೆಚ್ಚು. ಊಟದ ವಿಷಯದಲ್ಲಿ ನಿಮಗೆ ನಾನೇನು ಹೇಳಲಿ! ಒಲೆ ಹಚ್ಚದೆ ವಾರ ಕಳೆಯಲು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿಗಿಂತ ಒಳ್ಳೆಯ ಸಾಮಾನು ಅಮೆರಿಕದ ಯಾವ ಅಂಗಡಿಯಲ್ಲೂ ಇರಲಾರದು. ಫ್ರಿಜ್ ಬಾಗಿಲು ಪದೇ ಪದೇ ತೆಗೆಯಬೇಡಿ. ಕರೆಂಟ್ ಹೋದ ಮೇಲೆ ಮುಚ್ಚಿದ್ದರೂ ತಣ್ಣಗಿರುವುದು ನಾಲ್ಕು ತಾಸು, ತುಂಬಿದ ಫ್ರೀಜರ್ ಆದರೆ ಎರಡು ದಿನ.

ಈಗ ನನಗೆ ನಿಜವಾಗಿ ಭಯವಿರುವ ವಿಷಯ. ಕರೆಂಟ್ ಹೋದಾಗ ಜನರೇಟರನ್ನು ಗ್ಯಾರೇಜಿನಲ್ಲಿ ಇಟ್ಟು ಓಡಿಸುತ್ತಾರೆ. ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಜನರೇಟರ್ ಮನೆಯಿಂದ 20 ಅಡಿ ಆಚೆ, ಹೊಗೆ ಕಿಟಕಿ ಬಾಗಿಲಿನತ್ತ ಬಾರದ ಹಾಗೆ ತಿರುಗಿಸಿ ಇಟ್ಟಿರಬೇಕು. ಬಾಣಂತಿಗೆ ಕಾಸಲು ನೀವು ಕೆಂಡದ ಅಗ್ಗಿಷ್ಟಿಗೆ ಹೂಡುವ ಯೋಚನೆಯಲ್ಲಿದ್ದರೆ ಅದನ್ನೂ ಬಿಡಿ. ಇದ್ದಿಲು ಬಿಡುವುದೂ ಅದೇ ವಿಷವನ್ನು, ಆ ಮುಚ್ಚಿದ ಮನೆಯಲ್ಲಿ ಅದು ಹೊರಹೋಗಲು ದಾರಿಯಿಲ್ಲ.

ಮನೆಯೊಳಗೆ ನೀರು ಬಂದು ಇಳಿದರೆ, ಗುಡಿಸುವ ಮೊದಲು ಪ್ರತಿ ಕೋಣೆಯ ಫೋಟೋ ತೆಗೆಯಲು ಹೇಳಿ. ವಿಮೆಯವರು ಕೇಳುವುದು ಅದನ್ನೇ. ಎರಡು ದಿನದೊಳಗೆ ಒಣಗದಿದ್ದರೆ ಗೋಡೆಯ ಹಲಗೆಗೆ ಬೂಷ್ಟು ಹಿಡಿಯುತ್ತದೆ, ಆ ಹಲಗೆ ಕತ್ತರಿಸಿ ತೆಗೆಯಬೇಕು. ಅಷ್ಟು ದಿನ ಕೂಸು, ಬಾಣಂತಿ ಬೇರೆ ಕಡೆ ಇರಲಿ.

ಅಂದಹಾಗೆ, ರೊಟ್ಟಿಯ ಗಂಟನ್ನು ಸೂಟ್‌ಕೇಸಿನ ತಳದಲ್ಲಿ ಮುಚ್ಚಿಡಬೇಡಿ. ಕಸ್ಟಮ್ಸ್‌ನವರು ಕೇಳಿದರೆ ತಿನ್ನುವ ಸಾಮಾನು ಇದೆ ಎಂದು ನೇರವಾಗಿ ಹೇಳಿಬಿಡಿ.

— ಸಂಪಾದಕ