ಆಪ್ತಸಲಹೆ ಪ್ರಕರಣ: ದೂರುಪಟ್ಟಿಯಲ್ಲಿ ಒಂಬತ್ತನೆಯದು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ. ಒಂದೇ ಬಗೆಯ ಹಲವು ಪ್ರಕರಣಗಳ ಅಂಶಗಳು ಇಲ್ಲಿ ಸೇರಿವೆ.)

ತಂದೆ ತಾಯಿ 15 ವರ್ಷದ ಮಗಳನ್ನು ಕರೆತಂದಿದ್ದರು. ನೋಂದಣಿ ಹಾಳೆಯಲ್ಲಿ ‘ಬಂದ ಕಾರಣ’ ಎಂಬಲ್ಲಿ ತಂದೆ ಬರೆದಿದ್ದು ಇಷ್ಟೇ: ‘ನೈತಿಕ ಮೌಲ್ಯಗಳೇ ಇಲ್ಲ.’ ಬಿಡಿಸಿ ಹೇಳಿ ಎಂದಾಗ ಹನ್ನೆರಡು ದೂರುಗಳ ಪಟ್ಟಿ ಬಂತು. ನೆಂಟರು ಬಂದರೆ ಕೋಣೆಯಿಂದ ಹೊರಗೆ ಬರುವುದಿಲ್ಲ. ಎದುರು ಮಾತಾಡುತ್ತಾಳೆ. ಹೇಳದೆ ಕೇಳದೆ ಕೂದಲಿಗೆ ಬಣ್ಣ ಹಾಕಿಸಿಕೊಂಡಳು. ರಾತ್ರಿ ಒಂದರವರೆಗೆ ಫೋನ್ ಹಿಡಿದಿರುತ್ತಾಳೆ. ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಬೇರೆಲ್ಲೋ ಹೋಗಿದ್ದಳು. ತಮ್ಮ ಕೂಡಿಟ್ಟಿದ್ದ ದುಡ್ಡು ತೆಗೆದುಕೊಂಡು ಹಿಂದಿರುಗಿಸಿಲ್ಲ. ಇವುಗಳ ನಡುವೆ ಒಂಬತ್ತನೆಯದಾಗಿ, ಬೇರೆಲ್ಲ ದೂರುಗಳ ದನಿಯಲ್ಲೇ ಬಂದ ಮಾತು: ‘ಯಾರೋ ಗೆಳತಿಯ ವಾಯ್ಸ್ ಮೆಸೇಜ್ ಗ್ರೂಪಿಗೆ ಹಾಕಿದಳಂತೆ, ಶಾಲೆಯಿಂದ ಫೋನ್ ಬಂತು.’

ನಿಜವಾದ ಪ್ರಕರಣ ಇದ್ದದ್ದು ಆ ಒಂದು ಸಾಲಿನಲ್ಲಿ. ಗೆಳತಿ ಒಂದು ರಾತ್ರಿ ತನ್ನ ಮನೆಯ ಜಗಳದ ಬಗ್ಗೆ ಅಳುತ್ತಾ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ, ಯಾರಿಗೂ ಹೇಳಬೇಡ ಎಂದಿದ್ದಳು. ಈಕೆ ಅದನ್ನು ತರಗತಿಯ ಗ್ರೂಪಿಗೆ ಹಾಕಿದಳು. ಅಲ್ಲಿದ್ದ ಇನ್ಯಾರೋ ಅಳುವ ಭಾಗವನ್ನಷ್ಟೇ ಕತ್ತರಿಸಿ, ಹಾಡು ಸೇರಿಸಿ, ತಮಾಷೆಯ ಕ್ಲಿಪ್ ಮಾಡಿ ಹಂಚಿದ. ಗೆಳತಿ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು.

ಇಂಥದರಲ್ಲಿ ಮೊದಲ ಕೆಲಸ ನಮ್ಮೆದುರು ಕೂತ ಹುಡುಗಿಯದಲ್ಲ, ನೋವುಂಡವಳದು. ಆಕೆಯ ಮನೆಯವರಿಗೆ ವಿಷಯ ತಿಳಿದಿದೆಯೇ, ಪ್ರಾಣಕ್ಕೆ ಕುತ್ತು ತಂದುಕೊಳ್ಳುವ ಮಾತಾಡಿದ್ದಾಳೆಯೇ, ಶಾಲೆಯಲ್ಲಿ ಆಕೆಯ ಜೊತೆ ಮಾತಾಡಿದ ದೊಡ್ಡವರು ಯಾರಾದರೂ ಇದ್ದಾರೆಯೇ ಎಂದು ನಮ್ಮಲ್ಲಿಗೆ ಬಂದಿದ್ದ ತಂದೆ ತಾಯಿಯ ಒಪ್ಪಿಗೆ ಪಡೆದು ಅಂದೇ ಶಾಲೆಗೆ ಫೋನ್ ಮಾಡಿ ಕೇಳಲಾಯಿತು. ಶಾಲೆಯ ಸಲಹೆಗಾರ್ತಿ ಆಗಲೇ ಆಕೆಯನ್ನು ನೋಡುತ್ತಿದ್ದರು. ಆಮೇಲಷ್ಟೇ ನಮ್ಮ ಕೆಲಸ.

ಗೋಪ್ಯತೆಯ ನಿಯಮವನ್ನು ಮೂವರ ಎದುರೇ ಹೇಳಬೇಕು. ಹುಡುಗಿ ಹೇಳಿದ್ದು ಕೋಣೆಯೊಳಗೇ ಉಳಿಯುತ್ತದೆ. ತನಗೆ ತಾನೇ ಹಾನಿ ಮಾಡಿಕೊಳ್ಳುವ ಅಪಾಯ, ಇನ್ನೊಬ್ಬರಿಗೆ ಹಾನಿಯಾಗುವ ಅಪಾಯ, ಯಾರಾದರೂ ಆಕೆಗೆ ಹಾನಿ ಮಾಡುತ್ತಿರುವುದು ಗೊತ್ತಾದರೆ ಮಾತ್ರ ಹೊರಗೆ ಹೇಳಲಾಗುತ್ತದೆ, ಅದೂ ಆಕೆಗೆ ತಿಳಿಸಿ. ಹೀಗೆ ಹೇಳದೆ ಹದಿಹರೆಯದವರನ್ನು ಒಂಟಿಯಾಗಿ ಕೂರಿಸಿಕೊಂಡರೆ ಸಿಗುವುದು ‘ಹೂಂ’, ‘ಗೊತ್ತಿಲ್ಲ’ ಎರಡೇ.

ತಂದೆ ತಾಯಿಗೆ ಕೇಳಿದ ಒಂದು ಪ್ರಶ್ನೆಯಿಂದ ಚಿತ್ರ ತಿಳಿಯಾಯಿತು: ಹನ್ನೆರಡರಲ್ಲಿ ಯಾವ ತಪ್ಪಿಗೆ ಏನು ಶಿಕ್ಷೆಯಾಯಿತು? ಕೂದಲಿನ ಬಣ್ಣಕ್ಕೆ ಎರಡು ವಾರ ಫೋನ್ ಇಲ್ಲ, ತಂದೆ ಒಂದು ತಿಂಗಳು ಮಾತು ಬಿಟ್ಟರು. ವಾಯ್ಸ್ ಮೆಸೇಜಿಗೆ ಅರ್ಧ ಗಂಟೆ ಬೈಗುಳ. ಅದರ ಸಾರಾಂಶ, ಶಾಲೆಯವರ ಮುಂದೆ ನಮ್ಮ ಮಾನ ಹೋಯಿತು. ಆ ಅರ್ಧ ಗಂಟೆಯಲ್ಲಿ ಗೆಳತಿಯ ಹೆಸರು ಒಮ್ಮೆಯೂ ಬಂದಿರಲಿಲ್ಲ. ಹಾಗಾದರೆ ಹುಡುಗಿಗೆ ಮನೆಯಿಂದ ತಲುಪಿದ ಪಾಠವೇನು? ಬಣ್ಣ ಹಚ್ಚಿಕೊಳ್ಳುವುದು ದೊಡ್ಡ ತಪ್ಪು, ನಂಬಿ ಹೇಳಿದವಳನ್ನು ಬೀದಿಗೆ ತರುವುದು ಚಿಕ್ಕದು, ಸಿಕ್ಕಿಬೀಳುವುದು ಎಲ್ಲಕ್ಕಿಂತ ದೊಡ್ಡದು.

ಎರಡನೆಯ ಭೇಟಿಯಲ್ಲಿ ಒಂದು ಹಾಳೆಗೆ ನಾಲ್ಕು ಅಂಕಣ ಎಳೆದು ಹನ್ನೆರಡು ದೂರುಗಳನ್ನು ಹಂಚಲು ಹೇಳಲಾಯಿತು: ನೀತಿ, ರೀತಿ, ಸುರಕ್ಷತೆ, ಸ್ವಂತದ್ದು. ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯೂರಿಯಲ್ ಮತ್ತು ಅವರ ಜೊತೆಯವರ ಸಂಶೋಧನೆಯಿಂದ ಬಂದ ವಿಂಗಡಣೆ ಇದು. ಎಲ್ಲಿ ಹಾಕಬೇಕೆಂದು ತಿಳಿಯಲು ಎರಡು ಪ್ರಶ್ನೆ ಸಾಕು. ಎಲ್ಲರೂ ಒಪ್ಪಿ ಈ ನಿಯಮವನ್ನೇ ತೆಗೆದುಹಾಕಿದರೂ ಇದು ತಪ್ಪೇ? ಇದರಿಂದ ನೋವಾದದ್ದು ಅಥವಾ ನಷ್ಟವಾದದ್ದು ಯಾರಿಗೆ? ‘ಹೌದು, ಆಗಲೂ ತಪ್ಪೇ’ ಎಂಬ ಉತ್ತರ ಬಂದು, ಇನ್ನೊಬ್ಬರ ಹೆಸರೂ ಸಿಕ್ಕರೆ ಅದು ನೀತಿ. ಮನೆ ಬದಲಾದರೆ, ಕಾಲ ಬದಲಾದರೆ ಬದಲಾಗುವಂಥದ್ದು ರೀತಿ. ಅಪಾಯ ಆಕೆಗೇ ಇದ್ದರೆ ಸುರಕ್ಷತೆ. ಉಳಿದದ್ದು ಅವಳದು. ನರ್ಸರಿಯ ಪುಟ್ಟ ಮಕ್ಕಳೂ ಈ ವ್ಯತ್ಯಾಸವನ್ನು ಗುರುತಿಸುತ್ತಾರೆ. ಟೀಚರ್ ಪರವಾಗಿಲ್ಲ ಎಂದರೂ ಹೊಡೆಯುವುದು ತಪ್ಪೇ ಎನ್ನುತ್ತಾರೆ. ದೊಡ್ಡವರೇ ಕೋಪದಲ್ಲಿ ಎಲ್ಲವನ್ನೂ ಕಲಸಿಬಿಡುವುದು.

ತಂದೆ ತಾಯಿ ಒಂದು ಹಾಳೆ, ಮಗಳು ಇನ್ನೊಂದು ಹಾಳೆ, ಬೇರೆ ಬೇರೆ ಕೋಣೆಯಲ್ಲಿ ತುಂಬಿದರು. ಲೈಬ್ರರಿಯ ಸುಳ್ಳೊಂದನ್ನು ಬಿಟ್ಟರೆ, ನೀತಿಯ ಅಂಕಣದಲ್ಲಿ ಇಬ್ಬರ ಹಾಳೆಯಲ್ಲೂ ಅವೇ ಎರಡು ಇದ್ದವು: ವಾಯ್ಸ್ ಮೆಸೇಜ್, ತಮ್ಮನ ದುಡ್ಡು. ಮಗಳು ತನ್ನ ಹಾಳೆಯಲ್ಲಿ ವಾಯ್ಸ್ ಮೆಸೇಜಿನ ಕೆಳಗೆ ಎರಡು ಗೆರೆ ಎಳೆದಿದ್ದಳು. ಜಗಳವಿದ್ದದ್ದು ಕೂದಲು, ಬಟ್ಟೆ, ಹಾಡು, ಕೋಣೆಯ ಅವ್ಯವಸ್ಥೆಯ ಬಗ್ಗೆ. ಹದಿಹರೆಯದವರಿಗೂ ಹೆತ್ತವರಿಗೂ ನಡೆಯುವ ಜಟಾಪಟಿ ಬಹುಪಾಲು ಈ ‘ಸ್ವಂತದ್ದು’ ಎಂಬ ಗಡಿಯ ಮೇಲೇ ನಡೆಯುತ್ತದೆ ಎಂಬುದನ್ನು ಜುಡಿತ್ ಸ್ಮೆಟಾನಾ ಅವರ ಅಧ್ಯಯನಗಳು ತೋರಿಸಿವೆ. ನೀತಿಯ ಮಾತಿನಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಲೈಬ್ರರಿಯ ಸುಳ್ಳನ್ನು ಎಲ್ಲಿಡಬೇಕೆಂಬುದು ಮಾತ್ರ ಬಗೆಹರಿಯಲಿಲ್ಲ. ತಂದೆ ನೀತಿಯಲ್ಲಿಟ್ಟರು, ಮಗಳು ಸ್ವಂತದ್ದರಲ್ಲಿಟ್ಟಳು. ಗೆರೆಯ ಮೇಲೇ ಬಿಡಲಾಯಿತು.

‘ಗೊತ್ತಿದ್ದೂ ಯಾಕೆ ಮಾಡಿದಳು ಹಾಗಾದರೆ?’ ತಾಯಿಯ ಪ್ರಶ್ನೆ ಸರಿಯಾದದ್ದು.

ಅದಕ್ಕೆ ಹುಡುಗಿಯ ಜೊತೆ ಕೂತು, ಮೆಸೇಜ್ ಕಳಿಸುವ ಮುಂಚಿನ ಹತ್ತು ನಿಮಿಷವನ್ನು ಹಂತ ಹಂತವಾಗಿ ಬಿಡಿಸಿದೆವು: ಗಂಟೆ ಎಷ್ಟು, ಯಾರು ಆನ್‌ಲೈನ್ ಇದ್ದರು, ಏನು ಮಾತು ನಡೆದಿತ್ತು, ಮೈಯಲ್ಲಿ ಏನೆನಿಸಿತು, ಕಳಿಸಿದ ಮರುಕ್ಷಣ ಏನಾಯಿತು. ‘ಯಾಕೆ’ ಎಂಬ ಪದ ಇಲ್ಲಿ ಬಳಸಬಾರದು. ಯಾಕೆ ಎಂದರೆ ಸಮರ್ಥನೆ ಬರುತ್ತದೆ, ಏನಾಯಿತು ಎಂದರೆ ಘಟನೆ ಬರುತ್ತದೆ. ಹೊತ್ತು ರಾತ್ರಿ ಹನ್ನೆರಡೂವರೆ. ಗ್ರೂಪಿನಲ್ಲಿ ಆ ಗೆಳತಿ ಯಾಕೆ ಇತ್ತೀಚೆಗೆ ಜಂಭ ಮಾಡುತ್ತಾಳೆಂಬ ಮಾತು. ‘ಜಂಭ ಅಲ್ಲ, ನಂಗೆ ಗೊತ್ತು ವಿಷಯ’ ಎಂದಳು ಈಕೆ. ‘ಹೇಳು ಹೇಳು’ ಎಂದರು ಎಲ್ಲರೂ. ಕಳಿಸಿದಳು. ಮೊದಲ ನಗುವಿನ ಇಮೋಜಿ ಬಂದಾಗಲೇ ಹೊಟ್ಟೆಯಲ್ಲಿ ತಳಮಳವಾಯಿತಂತೆ. ಡಿಲೀಟ್ ಮಾಡಲಿಲ್ಲ, ಮಾಡಿದರೆ ಹೆದರಿದಳು ಅಂದುಕೊಳ್ಳುತ್ತಾರಲ್ಲ.

ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಒಬ್ಬರೇ ಆಡಿದಾಗಿನದಕ್ಕಿಂತ ಗೆಳೆಯರೆದುರು ಆಡಿದಾಗ ಹದಿಹರೆಯದವರು ಹೆಚ್ಚು ಅಪಾಯ ಮೈಮೇಲೆ ಎಳೆದುಕೊಂಡರು. ದೊಡ್ಡವರಲ್ಲಿ ಆ ಬದಲಾವಣೆ ಕಾಣಲಿಲ್ಲ. ತಪ್ಪು ಸರಿ ತಿಳಿಯದೆ ಆಗುವುದಲ್ಲ ಇದು. ನೋಡುವ ಕಣ್ಣುಗಳಿದ್ದಾಗ ಸಿಗುವ ಮೆಚ್ಚುಗೆಯ ತೂಕ ಆ ವಯಸ್ಸಿನಲ್ಲಿ ಜಾಸ್ತಿ. ಗ್ರೂಪ್ ಎಂದರೆ ಆ ಕಣ್ಣುಗಳು ಮಧ್ಯರಾತ್ರಿಯೂ ಮುಚ್ಚುವುದಿಲ್ಲ, ನೋವಾಗುವವರ ಮುಖ ಮಾತ್ರ ಕಾಣುವುದಿಲ್ಲ.

ಆಮೇಲಿನ ನೆವಗಳೂ ಪರಿಚಿತವೇ. ‘ಬರೀ ತಮಾಷೆಗೆ.’ ‘ಎಲ್ಲರೂ ಫಾರ್ವರ್ಡ್ ಮಾಡ್ತಾರೆ.’ ‘ಕ್ಲಿಪ್ ಮಾಡಿದ್ದು ನಾನಲ್ಲ.’ ‘ಅವಳೂ ಹೋದ ವರ್ಷ ನನ್ನ ಬಗ್ಗೆ ಹೇಳಿದ್ಲು.’ ಮಾಡಿದ ತಪ್ಪಿಗೆ ಹಗುರ ಹೆಸರು ಕೊಡುವುದು, ಹೊಣೆಯನ್ನು ಹತ್ತು ಜನಕ್ಕೆ ಹಂಚುವುದು, ನೊಂದವರ ಮೇಲೇ ತಪ್ಪು ಹೊರಿಸುವುದು, ಹೀಗೆ ಮನಸ್ಸಾಕ್ಷಿಯಿಂದ ಕಳಚಿಕೊಳ್ಳುವ ಎಂಟು ದಾರಿಗಳನ್ನು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಗುರುತಿಸಿದ್ದಾರೆ. ತಂದೆ ತಾಯಿ ಇವನ್ನು ಮೌಲ್ಯ ಇಲ್ಲದ್ದಕ್ಕೆ ಸಾಕ್ಷಿ ಎಂದುಕೊಂಡಿದ್ದರು. ನಮ್ಮ ಅಭಿಪ್ರಾಯ ಅದಕ್ಕೆ ತದ್ವಿರುದ್ಧ. ಮೌಲ್ಯವೇ ಇಲ್ಲದವರಿಗೆ ನೆವ ಬೇಕಾಗುವುದಿಲ್ಲ. ನೆವ ಹೇಳುವವಳ ಜೊತೆ ಕೆಲಸ ಮಾಡಬಹುದು. ‘ಅತ್ತರೆ ಅಳಲಿ’ ಎಂದು ತಣ್ಣಗೆ ಹೇಳುವವರ ಜೊತೆ ಕಷ್ಟ.

ಒಂದು ಮಾತು ಹುಡುಗಿ ತಾನಾಗಿ ಹೇಳಿದಳು. ಗಣಿತದಲ್ಲಿ ಫೇಲಾಗಿ ತಾನು ಅಳುತ್ತಿದ್ದ ವಿಡಿಯೊವನ್ನು ತಾಯಿ ನೆಂಟರ ಗ್ರೂಪಿಗೆ ಹಾಕಿದ್ದರು, ‘ನೋಡಿ ನಮ್ಮ ಮಹಾರಾಣಿ’ ಎಂದು. ಆಕೆಯ ಒಪ್ಪಿಗೆ ಪಡೆದು ಇದನ್ನು ತಾಯಿಯ ಮುಂದಿಟ್ಟಾಗ ಅವರು ‘ಅದು ಪ್ರೀತಿಯಿಂದ, ಮನೆಯವರಿಗಷ್ಟೇ’ ಎಂದರು. ಕೋಣೆಯಲ್ಲಿದ್ದ ಎಲ್ಲರಿಗೂ ಆ ವಾಕ್ಯ ಕೇಳಿಸಿತು. ವಿವರಿಸುವ ಅಗತ್ಯ ಬೀಳಲಿಲ್ಲ.

ಹುಡುಗಿಗೆ ಕೊಟ್ಟ ಸಲಹೆ ಹೀಗಿತ್ತು. ಮೊದಲು ಹರಡುವುದನ್ನು ತಡೆಯುವುದು: ಮೂಲ ಸಂದೇಶ ಅಳಿಸಿ, ಕ್ಲಿಪ್ ಇಟ್ಟುಕೊಂಡವರಿಗೆ ಒಬ್ಬೊಬ್ಬರಿಗೇ ಅಳಿಸಲು ಕೇಳುವುದು. ಗ್ರೂಪಿಗೆ ಒಟ್ಟಾಗಿ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಎರಡನೆಯದು, ತಪ್ಪು ನಡೆದ ಜಾಗದಲ್ಲೇ ಅದನ್ನು ಒಪ್ಪಿಕೊಳ್ಳುವುದು, ಎರಡೇ ಸಾಲಿನಲ್ಲಿ, ಸಂದೇಶದಲ್ಲೇನಿತ್ತು ಎಂಬುದನ್ನು ಮತ್ತೆ ಎತ್ತದೆ. ಮೂರನೆಯದು ಗೆಳತಿಗೆ ಕ್ಷಮೆ. ಇಲ್ಲಿ ಎಡವುವವರೇ ಹೆಚ್ಚು. ಮೊದಲು ಶಾಲೆಯ ಸಲಹೆಗಾರ್ತಿಯ ಮೂಲಕ, ಕೇಳಲು ಇಷ್ಟವಿದೆಯೇ ಎಂದು ವಿಚಾರಿಸಬೇಕು. ನೇರವಾಗಿ ಮನೆಬಾಗಿಲಿಗೆ ಹೋಗಿ ನಿಲ್ಲಬಾರದು. ಕ್ಷಮೆಯಲ್ಲಿ ಇರಬೇಕಾದ್ದು: ನಾನು ಏನು ಮಾಡಿದೆ, ಅದರಿಂದ ನಿನಗೆ ಏನಾಯಿತು, ಈಗ ಏನು ಸರಿಪಡಿಸುತ್ತಿದ್ದೇನೆ. ಇರಬಾರದ್ದು: ‘ಆದರೆ’, ತನ್ನ ಸಂಕಟದ ವಿವರಣೆ, ‘ಕ್ಷಮಿಸ್ತೀಯ ಅಲ್ವಾ?’ ಎಂಬ ಪ್ರಶ್ನೆ. ಆ ಪ್ರಶ್ನೆ ಕೇಳಿದೊಡನೆ ಭಾರ ನೊಂದವಳ ಹೆಗಲಿಗೆ ಹೋಗುತ್ತದೆ. ಮೊದಲ ಕರಡಿನಲ್ಲಿ ಮೂರು ‘ಆದರೆ’ಗಳಿದ್ದವು. ನಾಲ್ಕನೆಯದರಲ್ಲಿ ಒಂದೂ ಇರಲಿಲ್ಲ. ಪತ್ರ ಏಳು ಸಾಲಿಗೆ ಇಳಿದಿತ್ತು.

ತಮ್ಮನ ದುಡ್ಡು ಸುಲಭ. ತಿಂಗಳ ಖರ್ಚಿನ ಹಣದಿಂದ ಮೂರು ಕಂತಿನಲ್ಲಿ ತೀರಿಸಬೇಕು, ತಂದೆ ತಾಯಿ ತುಂಬಿಕೊಡಬಾರದು.

ತಂದೆ ತಾಯಿಗೆ ಹೇಳಿದ್ದು ಕಡಿಮೆ, ಆದರೆ ಅವರಿಗೆ ಕಷ್ಟವಾದದ್ದು ಅದೇ. ನೀತಿಯ ತಪ್ಪಿಗೆ ಮಾತ್ರ ನೀತಿಯ ದನಿ, ಅದೂ ಎರಡು ವಾಕ್ಯ, ನೊಂದವರ ಹೆಸರಿನೊಂದಿಗೆ. ಶಿಕ್ಷೆಯ ಬಲ ತೋರಿಸುವುದು, ಪ್ರೀತಿ ಹಿಂತೆಗೆದುಕೊಳ್ಳುವುದು, ಇನ್ನೊಬ್ಬರಿಗಾದ ನೋವನ್ನು ಕಾಣಿಸುವುದು, ಈ ಮೂರರಲ್ಲಿ ಕೊನೆಯದರ ಮೂಲಕವೇ ಮೌಲ್ಯ ಒಳಗಿಳಿಯುತ್ತದೆ ಎಂಬುದು ಮನಶ್ಶಾಸ್ತ್ರಜ್ಞ ಮಾರ್ಟಿನ್ ಹಾಫ್‌ಮನ್ ಅವರ ವಾದ. ತಂದೆಯ ಒಂದು ತಿಂಗಳ ಮೌನ ಎರಡನೆಯ ಬಗೆಯದು. ರೀತಿಯ ವಿಷಯಗಳಲ್ಲಿ ಚೌಕಾಸಿ: ನೆಂಟರು ಬಂದಾಗ ಹತ್ತು ನಿಮಿಷ ಕೂತು ಮಾತಾಡಬೇಕು, ಆಮೇಲೆ ಕೋಣೆಗೆ ಹೋಗಬಹುದು. ಸುರಕ್ಷತೆಯಲ್ಲಿ ಸಡಿಲಿಕೆ ಇಲ್ಲ: ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಆದ್ದರಿಂದ ಹತ್ತೂವರೆಗೆ ಮನೆಯ ಎಲ್ಲರ ಫೋನೂ ಹೊರಕೋಣೆಯ ಚಾರ್ಜರಿಗೆ. ಎಲ್ಲರ ಫೋನೂ ಎಂದಾಗ ತಂದೆ ತುಸು ಚಡಪಡಿಸಿದರು. ಗುಟ್ಟಾಗಿ ಫೋನ್ ತೆರೆದು ನೋಡುವುದನ್ನು ನಿಲ್ಲಿಸಲು ಹೇಳಲಾಯಿತು. ಮಕ್ಕಳ ಬಗ್ಗೆ ಹೆತ್ತವರಿಗೆ ಗೊತ್ತಿರುವುದು ಬಹುತೇಕ ಮಕ್ಕಳೇ ಹೇಳಿದ್ದರಿಂದ, ಕಾವಲಿನಿಂದಲ್ಲ ಎಂದು ಸಂಶೋಧಕರಾದ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲೇ ತೋರಿಸಿದ್ದಾರೆ. ಮಗಳ ವಿಡಿಯೊ, ಅಂಕ, ಅಳು ಯಾವ ಗ್ರೂಪಿಗೂ ಅವಳನ್ನು ಕೇಳದೆ ಹೋಗಬಾರದು.

ತಂದೆ ಕೊನೆಗೆ ಕೇಳಿದರು: ‘ಒಟ್ಟಿನಲ್ಲಿ ಈಗಿನ ಮಕ್ಕಳೇ ಹೀಗಾ?’ ಆಡಮ್ ಮಾಸ್ಟ್ರೊಯಾನಿ ಮತ್ತು ಡೇನಿಯಲ್ ಗಿಲ್ಬರ್ಟ್ 2023ರಲ್ಲಿ ಸುಮಾರು 70 ವರ್ಷಗಳ ಸಮೀಕ್ಷೆಗಳನ್ನು ಜಾಲಾಡಿದಾಗ, ಕನಿಷ್ಠ 60 ದೇಶಗಳ ಜನ ನೀತಿ ಕುಸಿಯುತ್ತಿದೆ ಎಂದೇ ನಂಬಿದ್ದರು. ಆದರೆ ತಮ್ಮ ಸುತ್ತಲಿನವರ ನಡತೆಯ ಬಗ್ಗೆ ಅದೇ ಜನ ಕೊಟ್ಟ ವರದಿ ಕಾಲಕಾಲಕ್ಕೆ ಅಷ್ಟಾಗಿ ಬದಲಾಗಿರಲಿಲ್ಲ. ತಂದೆ ಒಪ್ಪಿದಂತೆ ಕಾಣಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ, ಮಗಳ ವಿಷಯದಲ್ಲಿ ಮಾಡಬೇಕಾದ್ದು ಆ ಉತ್ತರವನ್ನು ಕಾಯುವುದಿಲ್ಲ.

ಗೆಳತಿ ಪತ್ರ ತೆಗೆದುಕೊಂಡಳು, ಮುಖಾಮುಖಿ ಬೇಡ ಎಂದಳು, ಉತ್ತರ ಕೊಡಲಿಲ್ಲ. ಶಾಲೆಗೆ ಮರಳಿದ್ದಾಳೆ, ಬೇರೆ ಬೆಂಚಿನಲ್ಲಿ ಕೂರುತ್ತಾಳೆ. ಉತ್ತರ ಬಾರದಿದ್ದರೆ ಮತ್ತೆ ಬರೆಯಬಾರದು ಎಂದು ಹುಡುಗಿಗೆ ಮೊದಲೇ ಹೇಳಿತ್ತು, ಬರೆದಿಲ್ಲ. ಅವಳು ಗ್ರೂಪ್ ಬಿಟ್ಟಿದ್ದಾಳೆ. ಅದಕ್ಕಾಗಿ ಇಬ್ಬರು ಈಗಲೂ ಕಿಚಾಯಿಸುತ್ತಾರಂತೆ.

ತಂದೆ ತಾಯಿಗೆ ಬರೆದುಕೊಟ್ಟ ಚೀಟಿಯಲ್ಲಿ ಮತ್ತೆ ಬರಬೇಕಾದ ಸಂದರ್ಭಗಳಿವೆ: ನಿದ್ದೆ ಅಥವಾ ಹಸಿವು ಎರಡು ವಾರ ಕೆಟ್ಟರೆ, ಸಾಯುವ ಮಾತು ಬಂದರೆ (ಇದಕ್ಕೆ ಕಾಯದೆ ಅಂದೇ), ಇಂಥದೇ ಕೆಲಸ ಪಶ್ಚಾತ್ತಾಪವಿಲ್ಲದೆ ಮರುಕಳಿಸಿದರೆ. ಒಂದು ಘಟನೆಯನ್ನು ಕಾಯಿಲೆ ಎನ್ನಲಾಗದು. ನಡತೆಯ ಅಸ್ವಸ್ಥತೆ ಎಂದು ಗುರುತಿಸಲು, ಮನೋರೋಗ ನಿರ್ಣಯದ ಅಮೆರಿಕನ್ ಕೈಪಿಡಿಯಾದ ಡಿಎಸ್‌ಎಂ-5ರ ಪ್ರಕಾರ, ಹದಿನೈದು ಲಕ್ಷಣಗಳಲ್ಲಿ ಕನಿಷ್ಠ ಮೂರು ಕಳೆದ 12 ತಿಂಗಳಲ್ಲಿ, ಅವುಗಳಲ್ಲಿ ಒಂದಾದರೂ ಕಳೆದ 6 ತಿಂಗಳಲ್ಲಿ ಕಂಡಿರಬೇಕು. ಆಗ ಮನೋವೈದ್ಯರ ಬಳಿ ಹೋಗಬೇಕು. ಮುಂದಿನ ಭೇಟಿ ಆರು ವಾರ ಬಿಟ್ಟು. ಅದಕ್ಕೆ ತಾಯಿ ಒಬ್ಬರೇ ಬರಲು ಕೇಳಿಕೊಂಡಿದ್ದಾರೆ.