ಹಲ್ಲುದುರಿದ ಸಿಂಹ

ಪುತ್ತೂರಿನ ಓದುಗರೊಬ್ಬರ ಪತ್ರ: ‘ನಮ್ಮೂರ ದೇವಸ್ಥಾನದ “ಕೃಷ್ಣ ಸಂಧಾನ” ತಾಳಮದ್ದಳೆಯಲ್ಲಿ (ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ) ಕೃಷ್ಣನ ಅರ್ಥ, ಎಂದರೆ ಪಾತ್ರದ ಮಾತು, ಹೇಳಿದ ತರುಣ, ಕೌರವನಾಗಿದ್ದ ಹಿರಿಯರನ್ನು ಕಂಡು “ಹಸ್ತಿನಾವತಿಯ ಸಿಂಹಾಸನದಲ್ಲಿ ಹಲ್ಲುದುರಿದ ಸಿಂಹ ಕುಳಿತಿದೆ” ಎಂದರು. ನಿಮ್ಮ ವರದಿ ಅದನ್ನು ಸಮಯಸ್ಫೂರ್ತಿ ಎಂದು ಹೊಗಳಿದೆ. ನನಗೆ ಉದ್ಧಟತನವಾಗಿ ಕಂಡಿತು. ಕಿರಿಯರು ಹಿರಿಯರೆದುರು ಮಾತು ತಗ್ಗಿಸಬೇಡವೇ?’

ಸಂಪಾದಕರ ಉತ್ತರ:

ಮಾನ್ಯರೇ,

ಆ ಕೂಟದಲ್ಲಿ ನಾನೂ ಇದ್ದೆ. ಆ ಮಾತಿಗೆ ಸಭೆಯೊಡನೆ ನಾನೂ ನಕ್ಕೆ. ನಗು ಇಳಿಯುವಷ್ಟರಲ್ಲಿ ಆ ಹಿರಿಯರು ಶಾಲಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದದ್ದು ಕಣ್ಣಿಗೆ ಬಿತ್ತು. ಆಮೇಲೆ ಮಂಗಳದವರೆಗೂ ಅವರ ಮಾತೆಲ್ಲ ಆ ಶಾಲಿನ ಮರೆಯಿಂದಲೇ ಬಂತು. ನಿಮ್ಮ ಪತ್ರ ಬಂದ ದಿನದಿಂದ ಆ ಕೈ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಿಮ್ಮ ಕೊನೆಯ ಪ್ರಶ್ನೆಯನ್ನು ಮಾತ್ರ ನಾನು ಒಪ್ಪಲಾರೆ. ತಾಳಮದ್ದಳೆಯಲ್ಲಿ ಮೊದಲೇ ಗೊತ್ತಿರುವುದು ಭಾಗವತರು ಹಾಡುವ ಪದ್ಯವಷ್ಟೇ. ಅರ್ಥವೆಲ್ಲ ಕುಳಿತಲ್ಲೇ ಹುಟ್ಟಬೇಕು. ಎಪ್ಪತ್ತರ ಕೌರವನೆದುರು ಇಪ್ಪತ್ತೈದರ ಕೃಷ್ಣ ದನಿ ತಗ್ಗಿಸಿದರೆ ಪ್ರಸಂಗವೇ ಬಿದ್ದುಹೋಗುತ್ತದೆ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರನ್ನು ವಿಚಾರಿಸಿ ನೋಡಿ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಆ ವಾಲಿ ಸುಲಭಕ್ಕೆ ಬಿಡುತ್ತಿರಲಿಲ್ಲ. ಆ ಪ್ರಶ್ನೆಗಳಿಗೆ ಉತ್ತರಿಸಬೇಕಾದವನು ರಾಮ. ಎದುರು ಕುಳಿತ ಅರ್ಥಧಾರಿಯ ವಯಸ್ಸಿಗೂ ಮೈಗೂ ಅಲ್ಲಿ ಕೆಲಸವಿಲ್ಲ.

ನಮ್ಮ ಕೂಟದಲ್ಲಿ ಎಡವಿದ್ದು ಇಲ್ಲೇ. ಸಂಧಾನದ ಹೊತ್ತಿನ ಕೌರವ ಗದೆ ಹಿಡಿದ ಗಟ್ಟಿಗ, ಅವನ ಹಲ್ಲು ಉದುರಿಲ್ಲ. ಉದುರಿದ್ದು ಅರ್ಥ ಹೇಳುತ್ತಿದ್ದವರದು. ಕೌರವನಾಗಿದ್ದುಕೊಂಡು ಅವರು ಅದಕ್ಕೆ ಏನು ತಾನೇ ಹೇಳಬಹುದಿತ್ತು? ಬಯಲಾಟದಲ್ಲಾದರೆ ಕಿರೀಟವೂ ಬಣ್ಣವೂ ಒಳಗಿನ ಮನುಷ್ಯನನ್ನು ಕಾಯುತ್ತವೆ. ತಾಳಮದ್ದಳೆಯಲ್ಲಿ ಪಂಚೆ, ಶಾಲು, ತನ್ನದೇ ಮುಖ. ಹೊಡೆಯುವುದು ಅಷ್ಟು ಸುಲಭವಾದ್ದರಿಂದಲೇ ಅಲ್ಲಿ ನಾಲಿಗೆಗೆ ಹೆಚ್ಚಿನ ಎಚ್ಚರ ಬೇಕು.

ಹರಿತವಾದ ಮಾತಿಗೆ ಅದೇ ಪ್ರಸಂಗದಲ್ಲಿ ಬೇಕಾದಷ್ಟು ಜಾಗವಿದೆ. ಅರಮನೆಯ ಊಟವನ್ನು ಏಕೆ ಒಲ್ಲೆ ಎಂದು ಕೌರವ ಕೇಳುತ್ತಾನೆ. ವ್ಯಾಸಭಾರತದ ಕೃಷ್ಣ ಕೊಡುವ ಉತ್ತರದ ತಿರುಳು ಇದು: ಒಬ್ಬರ ಅನ್ನ ಉಣ್ಣುವುದು ಪ್ರೀತಿಯಿದ್ದರೆ, ಇಲ್ಲವೇ ಆಪತ್ತು ಬಂದರೆ, ನಿನಗೆ ನನ್ನಲ್ಲಿ ಪ್ರೀತಿಯಿಲ್ಲ, ನನಗೆ ಆಪತ್ತು ಬಂದಿಲ್ಲ. ಎಂಥ ಮಾತು! ಕೌರವನ ಆಹ್ವಾನದ ಹೊಟ್ಟೆಯಿಂದಲೇ ಹುಟ್ಟಿ ಅವನಿಗೇ ತಾಗುತ್ತದೆ. ಅವನು ಮುನಿಯಬಹುದು, ವಾದಿಸಬಹುದು, ಮನಸ್ಸು ಬಂದರೆ ಪ್ರೀತಿಯನ್ನೂ ತೋರಿಸಬಹುದು.

ರಾಜಸೂಯದ ಶಿಶುಪಾಲನನ್ನೂ ನೋಡಿ. ಅವನು ಮೊದಲು ಎತ್ತಿದ ಪ್ರಶ್ನೆ ನನಗೆ ಇಂದಿಗೂ ನ್ಯಾಯವಾದದ್ದೆಂದೇ ತೋರುತ್ತದೆ. ಕೃಷ್ಣ ರಾಜನಲ್ಲ, ಹಿರಿಯನೆಂದರೆ ವಸುದೇವನಿದ್ದಾನೆ, ಆಚಾರ್ಯನೆಂದರೆ ದ್ರೋಣನಿದ್ದಾನೆ, ಹಾಗಿರುವಾಗ ಅಗ್ರಪೂಜೆ ಕೃಷ್ಣನಿಗೇಕೆ? ಸಭೆ ಉತ್ತರಿಸಲೇಬೇಕಾಗಿದ್ದ ಪ್ರಶ್ನೆ. ಅಲ್ಲಿಗೆ ನಿಲ್ಲದೆ ಅವನು ಭೀಷ್ಮನ ಬ್ರಹ್ಮಚರ್ಯಕ್ಕೆ ಮೋಹವೋ ಷಂಡತನವೋ ಕಾರಣವಿರಬೇಕೆಂದು ಹಳಿದ. ಇಂದು ಜನರ ನಾಲಿಗೆಯಲ್ಲಿ ಉಳಿದಿರುವುದು ಅವನ ನೂರು ಅಪರಾಧಗಳ ಲೆಕ್ಕ. ಪ್ರಶ್ನೆಯನ್ನು ಯಾರೂ ನೆನೆಯುವುದಿಲ್ಲ.

ಆ ತರುಣರಲ್ಲಿ ನಿಜವಾದ ಪ್ರತಿಭೆಯಿದೆ. ಅದೇ ರಾತ್ರಿ ಅವರು ಐದು ಗ್ರಾಮಗಳನ್ನು ಕೇಳಿದ ರೀತಿಗೆ ನನ್ನ ಕಣ್ಣು ತೇವಗೊಂಡಿತ್ತು. ವರದಿಯಲ್ಲಿ ನಾವು ಹೊಗಳಬೇಕಾಗಿದ್ದು ಅದನ್ನು. ಅಗ್ಗದ ನಗುವನ್ನು ಪತ್ರಿಕೆಯೇ ಮೆಚ್ಚಿ ಬರೆದರೆ, ಮುಂದಿನ ಕೂಟದಲ್ಲಿ ಅವರು ಇನ್ನೊಬ್ಬರ ಕುಂಟು ಕಾಲನ್ನು ಹುಡುಕಿಯಾರು. ಅದಕ್ಕೆ ನಾವೂ ಹೊಣೆಯಾಗುತ್ತೇವೆ.

ವರದಿಯ ಆ ಸಾಲನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಆ ಹಿರಿಯರಲ್ಲಿ ಪತ್ರಿಕೆಯ ಪರವಾಗಿ ಕ್ಷಮೆ ಕೇಳುತ್ತೇನೆ. ಅಂದು ನಕ್ಕಿದ್ದಕ್ಕಾಗಿ ನನ್ನ ಪರವಾಗಿಯೂ. ಅವರ ಮುಂದಿನ ಕೂಟ ಎಲ್ಲಿ ಎಂದು ನಿಮಗೆ ತಿಳಿದರೆ ದಯವಿಟ್ಟು ಬರೆಯಿರಿ. ಅವರ ಕೌರವನನ್ನು ಇನ್ನೊಮ್ಮೆ ಕೇಳಬೇಕಾಗಿದೆ.

– ಸಂಪಾದಕ