ಬಾಲ ಮುಂದಿದ್ದ ವಿಮಾನ

ಪ್ರಶ್ನೆ: ರೈಟ್ ಸಹೋದರರ ವಿಮಾನದ ಫೋಟೋದಲ್ಲಿ ಬಾಲವೇ ಮುಂದಿದ್ದಂತೆ ಕಾಣುತ್ತದೆ. ಇಂದಿನ ವಿಮಾನಗಳಿಗೆ ಅದರಿಂದ ಬಂದದ್ದಾದರೂ ಏನು?

ಉತ್ತರ: ಆಕಾರ ಬಿಡಿ, ಹಿಡಿತ ನೋಡಿ. 1903ರ ಡಿಸೆಂಬರ್ 17ರಂದು ಅವರ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಎಂಜಿನ್ನಿನ ಶಕ್ತಿಯೂ ಸುಮಾರು 12 ಅಶ್ವಶಕ್ತಿ ಅಷ್ಟೇ. ಆದರೆ ವಿಮಾನವನ್ನು ಮೇಲೆ-ಕೆಳಗೆ, ಎಡ-ಬಲ ತಿರುಗಿಸುವುದರ ಜೊತೆಗೆ ಪಕ್ಕಕ್ಕೆ ವಾಲಿಸುವುದನ್ನೂ ಪೈಲಟ್‌ನ ಕೈಗೆ ಕೊಟ್ಟವರು ಅವರು. 'ಕೈಗೆ' ಎಂದೆನೇ? ಸೊಂಟಕ್ಕೆ ಎನ್ನಬೇಕು! ಕೆಳರೆಕ್ಕೆಯ ಮೇಲೆ ಬೋರಲು ಮಲಗಿದ ಪೈಲಟ್ ಸೊಂಟ ಸರಿಸಿದರೆ, ತಂತಿಗಳು ರೆಕ್ಕೆಯ ತುದಿಗಳನ್ನು ತಿರುಚುತ್ತಿದ್ದವು, ವಿಮಾನ ವಾಲುತ್ತಿತ್ತು. ಉದ್ದನೆಯ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಕೈಯಲ್ಲಿ ತಿರುಚುತ್ತಿದ್ದಾಗ ಅಣ್ಣ ವಿಲ್ಬರ್‌ಗೆ ಹೊಳೆದ ಉಪಾಯವಿದು. ಇಂದು ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ-ಕೆಳಗೆ ಆಡುವ ಪಟ್ಟಿಗಳು, ಅಂದರೆ ಏಲೆರಾನ್‌ಗಳು, ಮಾಡುವುದು ಅದೇ ಕೆಲಸ.

1901ರಲ್ಲಿ ಅವರೇ ಗಾಳಿ ಸುರಂಗ (ಮಾದರಿಗಳ ಮೇಲೆ ಗಾಳಿ ಹಾಯಿಸಿ ನೋಡುವ ಪೆಟ್ಟಿಗೆ) ಕಟ್ಟಿ ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಪ್ರೊಪೆಲರ್ ಎಂದರೆ ಸುತ್ತುವ ರೆಕ್ಕೆ ಎಂದು ಅರಿತು ಅದೇ ಅಂಕಿಗಳಿಂದ ಅದನ್ನೂ ರೂಪಿಸಿದರು. ಹಾರಾಟಕ್ಕಿಂತ ಇದೇ ದೊಡ್ಡದು ಅನ್ನುವವನು ನಾನು.

ಇನ್ನು ಆ ಮುಂದಿನ 'ಬಾಲ', ಅಂದರೆ ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಭಾಗ. 1896ರಲ್ಲಿ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಬಿದ್ದು ಜರ್ಮನಿಯ ಹಾರಾಟಗಾರ ಲಿಲಿಯೆಂತಾಲ್ ಸತ್ತಿದ್ದರು. ಹಾಗೆ ಮೂತಿ ಕೆಳಗಾಗಿ ಬೀಳಬಾರದೆಂದು ಅದನ್ನು ಮುಂದಿಟ್ಟರು. ಅದರಿಂದ ವಿಮಾನ ಏರಿಳಿಯುತ್ತ ತೊಯ್ದಾಡುತ್ತಿತ್ತು, ಹಾಗಾಗಿ ಅವರದೇ 1910ರ 'ಮಾಡೆಲ್ ಬಿ' ವಿಮಾನದಲ್ಲಿ ಅದು ಹಿಂದಕ್ಕೆ ಹೋಯಿತು. ರಫಾಲ್, ಗ್ರಿಪೆನ್ ಯುದ್ಧವಿಮಾನಗಳ ಮುಂಭಾಗದಲ್ಲಿ ಈಗ ಮತ್ತೆ ಕಿರುರೆಕ್ಕೆಗಳಿವೆ. ಚುರುಕಾಗಿ ತಿರುಗಲೆಂದು ಅಸ್ಥಿರತೆಯನ್ನು ಬೇಕೆಂದೇ ಉಳಿಸಿಕೊಂಡು, ಸಂಭಾಳಿಸುವ ಕೆಲಸವನ್ನು ಕಂಪ್ಯೂಟರ್‌ಗೆ ಬಿಟ್ಟಿದ್ದಾರೆ.